ಹುಣಿಸೆ ಭರಣಿಯಲ್ಲಿ ಸಿಕ್ಕಿದ ಸರ

ಶಿವಮೊಗ್ಗದಿಂದ ತಾಳಗುಪ್ಪದ ಕಡೆ ಹೊರಟ ರೈಲು ಕುಂಸಿ ದಾಟಿ ಕಾಡಿನ ನಡುವೆ ಸಾಗಿದರೆ ಅರಸಾಳು ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಮತ್ತು ಸುತ್ತಲಿನ ಹಳ್ಳಿಗಳವರು ರೈಲು ಹಿಡಿಯಲು ಬರುವುದು ಇಲ್ಲಿಗೆ. 1980ರ ದಶಕದ ಮಧ್ಯದಲ್ಲಿ, ಇನ್ನೂ ಮೀಟರ್ ಗೇಜ್ ಹಳಿ ಇದ್ದ ಕಾಲಕ್ಕೆ, ಈ ನಿಲ್ದಾಣದ ಹೆಸರನ್ನು ಕೆಲವು ದಿನಗಳ ಮಟ್ಟಿಗೆ ಬದಲಿಸಲಾಗಿತ್ತು. ಅರಸಾಳು ಮಾಲ್ಗುಡಿಯಾಗಿತ್ತು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೈಲ್ವೆ ದೃಶ್ಯಗಳು ಇಲ್ಲಿ ಚಿತ್ರಿತವಾದವು. ಊರಿನ ದೃಶ್ಯಗಳಿಗೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಆಯ್ಕೆಯಾಗಿತ್ತು. 2020ರಲ್ಲಿ ನೈಋತ್ಯ ರೈಲ್ವೆಯವರು ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ದುರಸ್ತಿ ಮಾಡಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿದರು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಆ ಕೆಲಸಕ್ಕೂ ಬಂದರು. ಇಲ್ಲದ ಊರೊಂದಕ್ಕೆ ಇರುವ ಊರಿನಲ್ಲಿ ವಸ್ತುಸಂಗ್ರಹಾಲಯ ಎದ್ದಿತು.

ಮಾಲ್ಗುಡಿ ಎಂದೊಡನೆ ಜನರಿಗೆ ನೆನಪಾಗುವುದು ಸ್ವಾಮಿಯ ಟೋಪಿ, ಎಲ್. ವೈದ್ಯನಾಥನ್ ಅವರ ರಾಗ, ಶೀರ್ಷಿಕೆಯ ಜೊತೆ ಬರುತ್ತಿದ್ದ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು. ಆ ಊರಿನಲ್ಲಿ ಪೊಲೀಸರೂ ಇದ್ದರು ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಆದರೆ ಆ ಧಾರಾವಾಹಿಯ ಒಂದು ಕಂತು, ‘ಲೀಲಾಳ ಗೆಳೆಯ’, ಪೂರ್ತಿ ನಿಂತಿರುವುದು ಒಂದು ಕಳವಿನ ದೂರಿನ ಮೇಲೆ. ಅದರಲ್ಲಿ ದೂರುದಾರರಿದ್ದಾರೆ, ಆಪಾದಿತನಿದ್ದಾನೆ, ಇನ್ಸ್‌ಪೆಕ್ಟರ್ ಇದ್ದಾರೆ, ಕೊನೆಗೆ ಕಳೆದುಹೋದ ಮಾಲೂ ಸಿಗುತ್ತದೆ. ಪೊಲೀಸ್ ಧಾರಾವಾಹಿಗೆ ಬೇಕಾದ ಸಾಮಗ್ರಿಯೆಲ್ಲ ಇದೆ. ಆದರೂ ಅದನ್ನು ನೋಡಿ ಮುಗಿಸಿದವರಿಗೆ ಪೊಲೀಸ್ ಧಾರಾವಾಹಿ ನೋಡಿದ ಸಮಾಧಾನ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂಬುದೇ ಇಲ್ಲಿನ ವಿಚಾರ.

ನಾರಾಯಣ್ ಅವರ ಮೂಲ ಕಥೆ ಕೆಲವೇ ಪುಟಗಳದ್ದು. 1982ರಲ್ಲಿ ಬಂದ ‘ಮಾಲ್ಗುಡಿ ಡೇಸ್’ ಸಂಕಲನದಲ್ಲಿ ಇದೆ. ಶಿವಶಂಕರ್ ಎಂಬ ಗೃಹಸ್ಥರು ಮನೆಗೆಲಸದವರು ಸಿಗದ ಚಿಂತೆಯಲ್ಲಿ ವರಾಂಡದಲ್ಲಿ ನಿಂತಿರುತ್ತಾರೆ. ಗೇಟಿನ ಬಳಿ ಸುಳಿದಾಡುತ್ತಿದ್ದ ಸಿದ್ದ ಎಂಬವನು ಆಳು ಬೇಕೇ ಎಂದು ಕೇಳುತ್ತಾನೆ. ಹಿಂದೆ ಎಲ್ಲಿದ್ದೆ ಎಂದರೆ ಡಾಕ್ಟರ ಮನೆ ಎನ್ನುತ್ತಾನೆ, ಡಾಕ್ಟರ ಹೆಸರು ಮಾತ್ರ ಗೊತ್ತಿಲ್ಲ. ಯಾಕೆ ಬಿಟ್ಟೆ ಎಂದರೆ ಅವರು ಊರು ಬಿಟ್ಟರು ಎನ್ನುತ್ತಾನೆ. ಕೆಲಸ ಕೇಳಿಕೊಂಡು ಬಂದವರೆಲ್ಲ ಹೇಳುವ ಉತ್ತರ. ಯಜಮಾನರು ತೀರ್ಮಾನಕ್ಕೆ ಬರಲಾರದೆ ಹೆಂಡತಿಯನ್ನು ಕರೆಯುತ್ತಾರೆ. ಅಷ್ಟರಲ್ಲಿ ಐದು ವರ್ಷದ ಮಗಳು ಲೀಲಾ ಬಂದು ಅವನನ್ನು ನೋಡಿ ಕುಣಿದಾಡುತ್ತಾಳೆ. ಅಲ್ಲಿಗೆ ತೀರ್ಮಾನವಾಯಿತು. ದಿನಕ್ಕೆರಡು ಊಟ, ತಿಂಗಳಿಗೆ ನಾಲ್ಕು ರೂಪಾಯಿ. ಬಟ್ಟೆ ಒಗೆಯಬೇಕು, ತೋಟ ನೋಡಬೇಕು, ಸೌದೆ ಒಡೆಯಬೇಕು, ಅಂಗಡಿಗೆ ಓಡಬೇಕು, ಮಗುವನ್ನು ಆಡಿಸಬೇಕು.

ಮಗುವನ್ನು ಆಡಿಸುವುದರಲ್ಲಿ ಸಿದ್ದ ಪ್ರವೀಣ. ಕೆಂಪು ಚೆಂಡನ್ನು ಆಕಾಶಕ್ಕೆ ಎಸೆದು ಹಿಡಿದು, ಇದು ಚಂದ್ರನನ್ನು ಮುಟ್ಟಿ ಬಂದಿದೆ, ಚಂದ್ರನ ಚೂರು ಅಂಟಿಕೊಂಡಿದೆ ನೋಡು ಎನ್ನುತ್ತಾನೆ. ಲೀಲಾ ಅವನಿಗೆ ಅಕ್ಷರ ಕಲಿಸಲು ಹೊರಡುತ್ತಾಳೆ. ಅವನ ಕೈಗೆ ಪೆನ್ಸಿಲ್ ಒಗ್ಗುವುದಿಲ್ಲ. ಮೇಷ್ಟರು ಬಿಡುವುದಿಲ್ಲ. ಕೊನೆಗೆ ಅಮ್ಮ ಊಟಕ್ಕೆ ಕರೆಯುತ್ತಿದ್ದಾರೆ ಎಂದು ಹೇಳಿ ಪಾರಾಗಬೇಕಾಗುತ್ತದೆ. ರಾತ್ರಿ ಕಾಡಿನ ಪ್ರಾಣಿಗಳ, ಮಂತ್ರವಾದಿಗಳ ಕಥೆ ಕೇಳದೆ ಆಕೆಗೆ ನಿದ್ದೆ ಬರುವುದಿಲ್ಲ.

ಒಂದು ಸಂಜೆ ಹೊರಗೆ ಹೋಗಿ ಬಂದ ಮಗುವಿನ ಕೊರಳಲ್ಲಿ ಚಿನ್ನದ ಸರ ಇರುವುದಿಲ್ಲ. ತಾಯಿ ಕೇಳುತ್ತಾಳೆ. ಮಗು ಅಂಗಿಯೊಳಗೆ ಹುಡುಕಿ ನೋಡಿ ಗೊತ್ತಿಲ್ಲ ಎನ್ನುತ್ತದೆ. ಕೆನ್ನೆಗೊಂದು ಏಟು ಬೀಳುತ್ತದೆ. ಈ ಏಟನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು. ಇಡೀ ಪ್ರಕರಣದಲ್ಲಿ ಸರ ಎಲ್ಲಿದೆ ಎಂದು ಹೇಳಬಲ್ಲ ಸಾಕ್ಷಿ ಒಬ್ಬಳೇ. ಅವಳ ವಿಚಾರಣೆ ಒಂದು ಪ್ರಶ್ನೆ, ಒಂದು ಏಟಿಗೆ ಮುಗಿದುಹೋಯಿತು. ಮುಂದಿನ ಪ್ರಶ್ನೆ ಸಿದ್ದನಿಗೆ. ಅವನ ಗಂಟಲು ಒಣಗುತ್ತದೆ, ತನಗೆ ಗೊತ್ತಿಲ್ಲ ಎನ್ನುತ್ತಾನೆ. ತಾಯಿ ಪೊಲೀಸರ ಹೆಸರೆತ್ತಿ ಕೂಗಾಡಿ, ಯಾವುದೋ ಕೆಲಸಕ್ಕೆ ಅಡಿಗೆಮನೆಗೆ ಹೋಗಿ ಬರುವಷ್ಟರಲ್ಲಿ ಅವನು ಮಾಯವಾಗಿರುತ್ತಾನೆ.

ಶಿವಶಂಕರ್ ಠಾಣೆಗೆ ಹೋಗಿ ದೂರು ಕೊಡುತ್ತಾರೆ. ಅಲ್ಲಿ ಚಹರೆ ಹೇಳಿದೊಡನೆ ಗುರುತು ಸಿಗುತ್ತದೆ. ಮಕ್ಕಳ ಮೈಮೇಲಿನ ಒಡವೆ ಕದ್ದು ಐದಾರು ಸಲ ಜೈಲಿಗೆ ಹೋಗಿ ಬಂದವನು ಅವನು. ನಾಲ್ಕು ದಿನ ಕಳೆದು ಇನ್ಸ್‌ಪೆಕ್ಟರರೂ ಕಾನ್‌ಸ್ಟೇಬಲ್ಲೂ ಅವನನ್ನು ಹಿಡಿದು ಮನೆಗೆ ತರುತ್ತಾರೆ. ಲೀಲಾ ಮೆಟ್ಟಿಲಿಳಿದು ಅವನತ್ತ ಓಡುತ್ತಾಳೆ, ಇನ್ಸ್‌ಪೆಕ್ಟರ್ ತಡೆಯುತ್ತಾರೆ. ಇವನು ಕಳ್ಳ, ನಿನ್ನ ಸರ ಕದ್ದಿದ್ದಾನೆ ಎಂದರೆ, ಕದ್ದರೆ ಕದಿಯಲಿ, ನನಗೆ ಹೊಸದು ಮಾಡಿಸುತ್ತಾರೆ ಎಂಬರ್ಥದ ಮಾತು ಆಕೆಯದು. ದೊಡ್ಡವರೆಲ್ಲ ನಗುತ್ತಾರೆ. ಸಿದ್ದ ನೆಲ ನೋಡುತ್ತಾ, ತಾನು ತೆಗೆದುಕೊಂಡಿಲ್ಲ ಎಂದು ಕ್ಷೀಣವಾಗಿ ಹೇಳುತ್ತಾನೆ. ಹಾಗಾದರೆ ಓಡಿಹೋದದ್ದೇಕೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಇನ್ಸ್‌ಪೆಕ್ಟರ್ ಒಂದು ಅವಕಾಶ ಕೊಡುತ್ತಾರೆ: ಈಗಲೂ ಸರ ತಂದುಕೊಡು, ಇನ್ನು ಇಂಥದ್ದು ಮಾಡುವುದಿಲ್ಲವೆಂದು ಮಾತು ಕೊಡು, ಬಿಟ್ಟುಬಿಡುತ್ತೇನೆ. ಸಿದ್ದ ತರುವುದು ಎಲ್ಲಿಂದ? ಅವನನ್ನು ಕರೆದೊಯ್ಯುತ್ತಾರೆ, ಮಗು ಅಳುತ್ತದೆ.

ಕೆಲವು ದಿನಗಳ ನಂತರ ತಾಯಿ ಅಡಿಗೆಮನೆಯ ಹಲಗೆಯ ಮೇಲಿದ್ದ ಹುಣಿಸೆಹಣ್ಣಿನ ಭರಣಿಗೆ ಕೈ ಹಾಕುತ್ತಾಳೆ. ಕೈಗೆ ಸರ ಬರುತ್ತದೆ. ತೊಳೆದು ನೋಡಿದರೆ ಮಗಳದ್ದೇ. ಯಾರು ಹಾಕಿದ್ದು ಎಂದರೆ, ತಾನೇ ಎನ್ನುತ್ತಾಳೆ ಲೀಲಾ. ಮೊದಲೇ ಏಕೆ ಹೇಳಲಿಲ್ಲ ಎಂಬುದಕ್ಕೆ ಅವಳಲ್ಲಿ ಉತ್ತರವಿಲ್ಲ. ಸಂಜೆ ಮನೆಗೆ ಬಂದ ಶಿವಶಂಕರ್ ಸಂಗತಿ ಕೇಳಿ, ಇನ್ನು ಮಗುವಿಗೆ ಸರ ಹಾಕುವುದೇ ಬೇಡ, ಇವಳಿಂದಲೇ ಇಷ್ಟೆಲ್ಲ ತಾಪತ್ರಯ ಎನ್ನುತ್ತಾರೆ. ಸಿದ್ದನ ಗತಿ? ನಾಳೆ ಇನ್ಸ್‌ಪೆಕ್ಟರರಿಗೆ ತಿಳಿಸಿದರಾಯಿತು. ಏನೇ ಆಗಲಿ, ಅಂಥ ಅಪರಾಧಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗುತ್ತಿರಲಿಲ್ಲವಲ್ಲ ಎಂದು ಅವರ ಸಮಾಧಾನ. ಕಥೆ ಅಲ್ಲಿಗೆ ಮುಗಿಯುತ್ತದೆ.

ಟೆಲಿವಿಷನ್ನಿನಲ್ಲಿ ಪೊಲೀಸ್ ಕಥೆ ಎಂದರೆ ಹೇಗಿರಬೇಕು ಎಂಬುದಕ್ಕೆ ಅಷ್ಟು ಹೊತ್ತಿಗಾಗಲೇ ಜಗತ್ತಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಅಮೆರಿಕದಲ್ಲಿ ರೇಡಿಯೊದಿಂದ 1951ರಲ್ಲಿ ಟಿ.ವಿ.ಗೆ ಬಂದ ಜಾಕ್ ವೆಬ್‌ರ ‘ಡ್ರ್ಯಾಗ್‌ನೆಟ್’ ಆ ಪದ್ಧತಿಯ ಮೂಲಪುರುಷ. ಲಾಸ್ ಏಂಜಲೀಸ್ ಪೊಲೀಸರ ನಿಜವಾದ ಕಡತಗಳಿಂದಲೇ ಕಥೆಗಳನ್ನು ಆರಿಸಲಾಗುತ್ತಿತ್ತು. ಪೊಲೀಸ್ ಇಲಾಖೆಯ ಸಹಕಾರವಿತ್ತು, ಸಹಜವಾಗಿ ಇಲಾಖೆಯ ಕಣ್ಣೂ ಇತ್ತು. ಪ್ರತಿ ಕಂತಿನ ಕೊನೆಗೆ ಆರೋಪಿಗೆ ಏನು ಶಿಕ್ಷೆಯಾಯಿತೆಂದು ಗಂಭೀರ ದನಿಯೊಂದು ಓದಿ ಹೇಳುತ್ತಿತ್ತು. ಕಡತ ಮುಚ್ಚಿದ ಸದ್ದು ಕೇಳಿ ನೋಡುಗ ನಿಶ್ಚಿಂತೆಯಿಂದ ಮಲಗಬಹುದಿತ್ತು. ಬ್ರಿಟನ್ನಿನಲ್ಲಿ 1955ರ ‘ಡಿಕ್ಸನ್ ಆಫ್ ಡಾಕ್ ಗ್ರೀನ್’ ಬೀದಿಬದಿಯ ಸಜ್ಜನ ಪೇದೆಯನ್ನು ತೋರಿಸಿತು. 1962ರಲ್ಲಿ ‘ಝಡ್ ಕಾರ್ಸ್’ ಬಂದು ಪೊಲೀಸರೂ ಮನೆಯಲ್ಲಿ ಜಗಳವಾಡುವ ಮನುಷ್ಯರೇ ಎಂದು ತೋರಿಸಿದಾಗ, ಚಿತ್ರೀಕರಣಕ್ಕೆ ನೆರವಾಗಿದ್ದ ಲಂಕಾಶೈರ್‌ನ ಪೊಲೀಸ್ ಮುಖ್ಯಸ್ಥರೇ ಸಿಟ್ಟಾದರು. ಪೊಲೀಸ್ ಒಳ್ಳೆಯವನೋ ಕೆಟ್ಟವನೋ ಎಂಬ ಬಗ್ಗೆ ಜಗಳವಿತ್ತು. ಹಿಡಿದುತಂದವನು ಕಳ್ಳನೇ ಎಂಬುದರಲ್ಲಿ ಸಾಮಾನ್ಯವಾಗಿ ಜಗಳವಿರಲಿಲ್ಲ.

ನಮ್ಮ ದೂರದರ್ಶನದಲ್ಲಿ 1985ರಲ್ಲಿ ಕ್ಯಾರೆಟ್ ಕಡಿಯುತ್ತಾ ‘ಕರಮ್‌ಚಂದ್’ ಬಂದ. ಪಂಕಜ್ ಕಪೂರ್ ಮಾಡಿದ ಆ ಪಾತ್ರದ ಮುಂದೆ ಇನ್ಸ್‌ಪೆಕ್ಟರರು ಬರೀ ಪೆಚ್ಚಾಗುವವರು. 1989ರ ‘ಉಡಾನ್’ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬಳ ಬೆಳವಣಿಗೆಯ ಕಥೆ. ಕವಿತಾ ಚೌಧರಿ ತಮ್ಮ ಅಕ್ಕ, ಐ.ಪಿ.ಎಸ್. ಅಧಿಕಾರಿ ಕಾಂಚನ್ ಚೌಧರಿ ಭಟ್ಟಾಚಾರ್ಯರ ಬದುಕಿನಿಂದ ಅದನ್ನು ಕಟ್ಟಿದ್ದರು. 1993ರಲ್ಲಿ ‘ಬ್ಯೋಮಕೇಶ್ ಬಕ್ಷಿ’, 1998ರಲ್ಲಿ ಖಾಸಗಿ ವಾಹಿನಿಯಲ್ಲಿ ‘ಸಿ.ಐ.ಡಿ.’. ಇವುಗಳೆಲ್ಲದರ ನಡುವೆ ‘ಲೀಲಾಳ ಗೆಳೆಯ’ ಒಂಟಿ. ಪತ್ತೇದಾರಿ ಕಥೆಯಲ್ಲಿ ಮಾಲು ಸಿಕ್ಕರೆ ಕಳ್ಳ ಸಿಗುತ್ತಾನೆ. ಇಲ್ಲಿ ಮಾಲು ಸಿಗುತ್ತದೆ, ಕಳ್ಳತನವೇ ನಡೆದಿರಲಿಲ್ಲ ಎಂದು ಗೊತ್ತಾಗುತ್ತದೆ, ಆದರೂ ಕಳ್ಳ ಕಳ್ಳನಾಗಿಯೇ ಉಳಿಯುತ್ತಾನೆ.

ಗಮನಿಸಬೇಕಾದ್ದೇನೆಂದರೆ, ಈ ಕಥೆಯ ಇನ್ಸ್‌ಪೆಕ್ಟರ್ ದುಷ್ಟನಲ್ಲ. ಅವರು ಲಂಚ ಕೇಳುವುದಿಲ್ಲ, ಸುಳ್ಳು ಸಾಕ್ಷಿ ಸೃಷ್ಟಿಸುವುದಿಲ್ಲ, ಮಗುವಿನ ಮುಂದೆ ಯಾರನ್ನೂ ಹೊಡೆಯುವುದಿಲ್ಲ. ಅವರ ಬಳಿ ಇರುವ ಮಾಹಿತಿಯೂ ಸುಳ್ಳಲ್ಲ. ಸಿದ್ದ ಹಿಂದೆ ಕದ್ದದ್ದು ನಿಜ. ಶಿವಶಂಕರ್ ದಂಪತಿಗಳೂ ಕೆಟ್ಟವರಲ್ಲ, ಊಟ ಹಾಕಿದವರು. ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡು, ಎಲ್ಲರೂ ಸೇರಿ ಒಬ್ಬ ನಿರಪರಾಧಿಯನ್ನು ಜೈಲಿಗೆ ಕಳಿಸುತ್ತಾರೆ. ಖಳನಾಯಕನೊಬ್ಬ ಇದ್ದಿದ್ದರೆ ನೋಡುಗನಿಗೆ ಎಷ್ಟೋ ಹಗುರಾಗುತ್ತಿತ್ತು.

ಈ ಕೆಲಸ ಮಾಡಿದ್ದು ಠಾಣೆಯ ಕಡತ. ಒಮ್ಮೆ ಶಿಕ್ಷೆಯಾದವರ, ಮತ್ತೆ ಮತ್ತೆ ಸಿಕ್ಕಿಬೀಳುವವರ ಹೆಸರು, ಗುರುತು, ಚಾಳಿಗಳನ್ನು ಬರೆದಿಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಇದಕ್ಕೆ ಹಿಸ್ಟರಿ ಶೀಟ್ ಎಂದು ಹೆಸರು. ಕರ್ನಾಟಕದ ಪತ್ರಿಕೆಗಳಲ್ಲಿ ಹೆಚ್ಚು ಕಾಣುವ ರೌಡಿ ಶೀಟ್ ಅದರ ಸೋದರ. ಹಳೆಯ ಪೊಲೀಸ್ ಭಾಷೆಯಲ್ಲಿ ಇಂಥವರನ್ನು ‘ಕೆ.ಡಿ.’ ಎನ್ನುತ್ತಿದ್ದರು, ‘ನೋನ್ ಡೆಪ್ರಿಡೇಟರ್’ ಎಂಬ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು. ತಮಾಷೆಯೆಂದರೆ ಕೇಡು ಮಾಡುವವನಿಗೆ ‘ಕೇಡಿ’ ಎಂಬ ಮಾತು ಕನ್ನಡದಲ್ಲಿ ಬೇರೆಯೇ ಇದ್ದು, ಎರಡೂ ಬೆರೆತು, ಬೈಗುಳ ಯಾವುದು, ಇಲಾಖೆಯ ದರ್ಜೆ ಯಾವುದು ಎಂದು ತಿಳಿಯದಂತಾಯಿತು. ಕಡತದ ಭಾಷೆ ಜನರ ಭಾಷೆಯಲ್ಲಿ ಇಷ್ಟು ಸಲೀಸಾಗಿ ಕರಗಿದ ಉದಾಹರಣೆಗಳು ಕಡಿಮೆ.

ಒಬ್ಬೊಬ್ಬನ ಹೆಸರು ಬರೆಯುವುದು ಸಾಲದೆಂದು ಇಡೀ ಸಮುದಾಯಗಳನ್ನೇ ಬರೆದುಕೊಂಡ ಕಾಲವೂ ಇತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಮನುಷ್ಯರನ್ನು ಕಳ್ಳರೆಂದು ನೋಂದಾಯಿಸಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿ ಅಂಥವರನ್ನು ಬೇಲಿಯೊಳಗಿನ ವಸತಿಗಳಲ್ಲಿಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದರು. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ‘ಸೆಟ್ಲ್‌ಮೆಂಟ್’ ಎಂಬ ಬಡಾವಣೆಯ ಹೆಸರು ಉಳಿದಿರುವುದು ಆ ಬೇಲಿಯ ನೆನಪಿನಿಂದ. 1952ರಲ್ಲಿ ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಪಟ್ಟಿ ಹೋಯಿತು, ಪಟ್ಟಿ ಮಾಡುವ ಅಭ್ಯಾಸ ಹೋಗಲಿಲ್ಲ.

ಕಾನೂನು ಈ ಅಪಾಯವನ್ನು ಕಾಣದೆ ಇರಲಿಲ್ಲ. ನಾರಾಯಣ್ ಹುಟ್ಟುವ ಮೂರು ದಶಕಗಳಿಗೂ ಮೊದಲೇ ಬಂದ 1872ರ ಸಾಕ್ಷ್ಯ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡು ಈ ಕಥೆ ಓದಿದರೆ ಆಶ್ಚರ್ಯವಾಗುತ್ತದೆ. ಆರೋಪಿಯ ಹಿಂದಿನ ಕೆಟ್ಟ ನಡತೆ ಈಗಿನ ಆರೋಪಕ್ಕೆ ಸಾಕ್ಷಿಯಾಗದು ಎನ್ನುತ್ತಿತ್ತು ಅದರ 54ನೆಯ ಕಲಂ. ತಾನು ಒಳ್ಳೆಯವನೆಂದು ಆತನೇ ಸಾಕ್ಷ್ಯ ತಂದರೆ ಮಾತ್ರ ಉಳಿದ ಪುಟ ತೆರೆಯಬಹುದಿತ್ತು. ಅಂದರೆ ಸಿದ್ದನ ಐದಾರು ಜೈಲುವಾಸಗಳು ಅವನು ಈ ಸರ ಕದ್ದನೆಂಬುದಕ್ಕೆ ಪುರಾವೆಯಲ್ಲ. ಸರ ಕೊಟ್ಟರೆ ಬಿಡುತ್ತೇನೆ ಎಂದು ಇನ್ಸ್‌ಪೆಕ್ಟರ್ ಒಡ್ಡಿದ ಆಸೆಯೂ ಕಾನೂನಿಗೆ ಗೊತ್ತಿದ್ದದ್ದೇ. ಅಧಿಕಾರದಲ್ಲಿರುವವರು ಆಮಿಷ ತೋರಿಸಿ ಪಡೆದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ ಎಂದು 24ನೆಯ ಕಲಂ, ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ತರುವಂತಿಲ್ಲ ಎಂದು 25ನೆಯ ಕಲಂ. ಓಡಿಹೋದದ್ದು ಅನುಮಾನಕ್ಕೆ ಎಡೆಕೊಡುತ್ತದೆ, ನಿಜ. ಆದರೆ ನಿರಪರಾಧಿಯೂ ಭಯದಿಂದ ತಲೆಮರೆಸಿಕೊಳ್ಳಬಹುದು, ಅದೊಂದರಿಂದಲೇ ಅಪರಾಧ ಸಾಬೀತಾಗದು ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. 2024ರ ಜುಲೈ 1ರಂದು ಹಳೆಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ಈ ತತ್ವಗಳು ಹೊಸದರಲ್ಲೂ ಮುಂದುವರಿದಿವೆ.

ಇನ್ಸ್‌ಪೆಕ್ಟರರ ಆ ಅವಕಾಶದ ವಿಚಿತ್ರವನ್ನು ಇನ್ನೊಮ್ಮೆ ನೋಡಬೇಕು. ಅದು ಕದ್ದವನಿಗೆ ಮಾತ್ರ ತೆರೆಯುವ ಬಾಗಿಲು. ಸಿದ್ದ ನಿಜವಾಗಿ ಕದ್ದಿದ್ದರೆ ಸರ ತಂದುಕೊಟ್ಟು ಆ ಸಂಜೆಯೇ ಬಿಡುಗಡೆಯಾಗಬಹುದಿತ್ತು. ಕದಿಯದೆ ಇದ್ದುದರಿಂದ ಒಳಗೆ ಹೋದ.

ಹಾಗಾದರೆ ಕಾನೂನು ಇದ್ದೂ ಸಿದ್ದನಿಗೆ ಯಾಕೆ ಒದಗಲಿಲ್ಲ? ಸಾಕ್ಷ್ಯ ಕಾಯ್ದೆಯ ಮಾತು ಶುರುವಾಗುವುದು ನ್ಯಾಯಾಲಯದಲ್ಲಿ. ಅಲ್ಲಿಗೆ ಮುಟ್ಟುವ ಮೊದಲು ಮನೆಯ ವರಾಂಡ ಇದೆ, ಠಾಣೆಯ ಕೋಣೆ ಇದೆ. ವರಾಂಡದಲ್ಲಿ 54ನೆಯ ಕಲಂ ಯಾರಿಗೂ ಗೊತ್ತಿರುವುದಿಲ್ಲ. ಠಾಣೆಯಲ್ಲಿ ತನಿಖೆ ಎಲ್ಲಿಂದಾದರೂ ಹೊರಡಬೇಕಲ್ಲ, ಕಡತದಿಂದ ಹೊರಡುತ್ತದೆ. ಹಾಗೆ ಹೊರಡುವುದು ತಪ್ಪೂ ಅಲ್ಲ. ಕಡತದಿಂದ ಹೊರಟದ್ದು ಕಡತದಲ್ಲೇ ಮುಗಿದಾಗ ತೊಂದರೆ. ಮನೆಯನ್ನು ಸರಿಯಾಗಿ ಹುಡುಕಿ ನೋಡಿದಿರಾ ಎಂದು ಇನ್ಸ್‌ಪೆಕ್ಟರ್ ಕೇಳಿದ್ದರೆ, ಮಗು ಸರವನ್ನು ಆಗಾಗ ಕೈಯಲ್ಲಿ ಹಿಡಿದು ಓಡಾಡುತ್ತಿದ್ದುದನ್ನು ಕಂಡಿದ್ದ ತಂದೆಗೆ ಅದು ಆಗಲೇ ನೆನಪಾಗಬಹುದಿತ್ತು. ನಾರಾಯಣ್ ಈ ವಿವರವನ್ನು ಕಥೆಯ ಕೊನೆಯಲ್ಲಿ, ಶಿವಶಂಕರರ ಬಾಯಿಂದಲೇ ಹೇಳಿಸುತ್ತಾರೆ, ಅದೂ ಹೆಂಡತಿಯನ್ನು ಆಕ್ಷೇಪಿಸುವ ಧಾಟಿಯಲ್ಲಿ.

ಇದು ಹಳೆಯ ಕಾಲದ ಮಾತು ಎಂದುಕೊಳ್ಳುವಂತಿಲ್ಲ. 2024ರ ಮೇ ತಿಂಗಳಲ್ಲಿ ದೆಹಲಿಯ ಶಾಸಕರೊಬ್ಬರ ಹಿಸ್ಟರಿ ಶೀಟ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾನಾಗಿ ವಿಷಯವನ್ನು ವಿಸ್ತರಿಸಿ, ಹಿಂದುಳಿದ, ಪರಿಶಿಷ್ಟ ಮತ್ತು ಬಡ ಸಮುದಾಯಗಳ ನಿರಪರಾಧಿಗಳ ಹೆಸರು ಯಾಂತ್ರಿಕವಾಗಿ ಇಂಥ ಕಡತಗಳಿಗೆ ಸೇರದಂತೆ ನೋಡಿಕೊಳ್ಳಲು ಎಲ್ಲ ರಾಜ್ಯಗಳೂ ತಮ್ಮ ನಿಯಮಗಳನ್ನು ಮರುಪರಿಶೀಲಿಸಬೇಕೆಂದು ಹೇಳಿತು. ಅದೇ ವರ್ಷದ ಅಕ್ಟೋಬರ್ 3ರಂದು, ಜೈಲು ಕೈಪಿಡಿಗಳಲ್ಲಿನ ಜಾತಿ ತಾರತಮ್ಯ ಕುರಿತ ತೀರ್ಪಿನಲ್ಲಿ, ಹಿಂದೆ ಅಪರಾಧಿ ಬುಡಕಟ್ಟುಗಳೆನಿಸಿದ್ದವರನ್ನು ರೂಢಿಗತ ಅಪರಾಧಿಗಳ ಜೊತೆ ಸೇರಿಸಿ ನೋಡುವ ನಿಯಮಗಳನ್ನು ಅದೇ ನ್ಯಾಯಾಲಯ ತಳ್ಳಿಹಾಕಿತು. 1871ರ ಬರಹವನ್ನು ಅಳಿಸುವ ಕೆಲಸ ಇನ್ನೂ ನಡೆದಿತ್ತು ಎಂದಾಯಿತು.

ಇಂಥ ಕಥೆಯನ್ನು ಶಂಕರ್‌ನಾಗ್ ಕೈಗೆತ್ತಿಕೊಂಡದ್ದು ಆಕಸ್ಮಿಕವೇನಲ್ಲ ಎನಿಸುತ್ತದೆ. ಅವರು ನಿರ್ದೇಶಿಸಿದ ಮೊದಲ ಚಿತ್ರ, 1980ರ ‘ಮಿಂಚಿನ ಓಟ’, ಕಾರು ಕದಿಯುವವರ, ಜೈಲಿನಿಂದ ತಪ್ಪಿಸಿಕೊಳ್ಳಹೊರಟವರ ಕಥೆ. ಅಲ್ಲಿ ಕ್ಯಾಮೆರಾ ನಿಂತದ್ದು ಕಳ್ಳರ ಜೊತೆ. ರಾಷ್ಟ್ರ ಪ್ರಶಸ್ತಿ ಪಡೆದ 1985ರ ‘ಆಕ್ಸಿಡೆಂಟ್’ನಲ್ಲಿ ಅಮಲಿನಲ್ಲಿ ಕಾರು ಓಡಿಸಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರನ್ನು ಕೊಂದವನು ರಾಜಕಾರಣಿಯ ಮಗ, ಅಲ್ಲಿ ಕಡತವನ್ನು ಮುಚ್ಚಿಹಾಕುವ ಪ್ರಯತ್ನ. ಒಬ್ಬನಿಗೆ ಮಾಡದ ತಪ್ಪಿಗೆ ಕಡತ ತೆರೆದುಕೊಳ್ಳುತ್ತದೆ, ಇನ್ನೊಬ್ಬನಿಗೆ ಮಾಡಿದ ತಪ್ಪಿಗೂ ಮುಚ್ಚಿಕೊಳ್ಳುತ್ತದೆ. ಎರಡನ್ನೂ ಒಬ್ಬನೇ ನಿರ್ದೇಶಕ ಒಂದೆರಡು ವರ್ಷಗಳ ಅಂತರದಲ್ಲಿ ಮಾಡಿದ. ವಿನೋದವೆಂದರೆ ಜನಸಾಮಾನ್ಯರಿಗೆ ಶಂಕರ್‌ನಾಗ್ ಎಂದರೆ ಖಾಕಿ ತೊಟ್ಟ ಸಾಂಗ್ಲಿಯಾನಾ. ಪೊಲೀಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನಾ ಅವರ ಹೆಸರಿನಲ್ಲಿ ಪಿ. ನಂಜುಂಡಪ್ಪ ನಿರ್ದೇಶಿಸಿದ ಆ ಚಿತ್ರ ತೆರೆಕಂಡದ್ದು 1988ರಲ್ಲಿ, ಸಿದ್ದನ ಕಂತು ದೂರದರ್ಶನದಲ್ಲಿ ಬಂದ ಆಸುಪಾಸಿನಲ್ಲೇ. ಆಟೋ ರಿಕ್ಷಾಗಳ ಹಿಂಭಾಗದಲ್ಲಿ ಉಳಿದದ್ದು ಸಾಂಗ್ಲಿಯಾನಾ. ಸಿದ್ದನ ಚಿತ್ರವನ್ನು ಯಾರೂ ಬರೆಸಿಕೊಂಡಂತಿಲ್ಲ.

‘ಮಾಲ್ಗುಡಿ ಡೇಸ್’ನ ಉಳಿದ ಪೊಲೀಸರನ್ನೂ ಒಮ್ಮೆ ನೋಡಿಬಿಡಬಹುದು. ‘ಹೀರೋ’ ಕಥೆಯಲ್ಲಿ, ಧೈರ್ಯ ಕಲಿಯಲೆಂದು ಅಪ್ಪನ ಕಚೇರಿ ಕೋಣೆಯಲ್ಲಿ ಒಂಟಿಯಾಗಿ ಮಲಗಿದ ಸ್ವಾಮಿ, ಕತ್ತಲಲ್ಲಿ ಕಂಡ ಕಾಲನ್ನು ದೆವ್ವದ್ದೆಂದು ತಿಳಿದು ಕಚ್ಚುತ್ತಾನೆ. ಅದು ಜಿಲ್ಲೆಯಲ್ಲೇ ಹೆಸರಾದ ಕನ್ನಗಳ್ಳನ ಕಾಲು. ಪೊಲೀಸರು ಹುಡುಕುತ್ತಿದ್ದವನು ಹೀಗೆ ಸಿಕ್ಕಿಬೀಳುತ್ತಾನೆ. ಇನ್ಸ್‌ಪೆಕ್ಟರ್ ಬಂದು, ದೊಡ್ಡವನಾದ ಮೇಲೆ ಪೊಲೀಸ್ ಆಗುತ್ತೀಯಾ ಎಂದು ಕೇಳಿದರೆ, ಎಂಜಿನ್ ಡ್ರೈವರೋ ಗಾರ್ಡೋ ಬಸ್ ಕಂಡಕ್ಟರೋ ಆಗಲು ನಿರ್ಧರಿಸಿದ್ದ ಸ್ವಾಮಿ ಮರ್ಯಾದೆಗೆಂದು ಹೂಂ ಎನ್ನುತ್ತಾನೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡರು. ಸಿದ್ದನ ಕಥೆಯ ಮಗ್ಗುಲಿಗೆ ಇಟ್ಟರೆ ಈ ಹಾಸ್ಯಕಥೆಗೂ ಬೇರೆ ಬಣ್ಣ ಬರುತ್ತದೆ. ಇಲ್ಲಿ ಕಳ್ಳನನ್ನು ಹಿಡಿದವನಿಗೆ ಅವನು ಕಳ್ಳನೆಂದೇ ಗೊತ್ತಿರಲಿಲ್ಲ. ಅಲ್ಲಿ ಕಳ್ಳನೆಂದು ಎಲ್ಲರಿಗೂ ಗೊತ್ತಿದ್ದವನು ಕದ್ದಿರಲಿಲ್ಲ.

ಇನ್ನೊಬ್ಬರು ರಾಜಂನ ತಂದೆ, ಪೊಲೀಸ್ ಅಧಿಕಾರಿ. 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ, 1930ರ ಆಗಸ್ಟ್‌ನ ಹರತಾಳದ ದಿನ ಗುಂಪಿನ ಮೇಲೆ ಲಾಠಿ ಬೀಸಲು ಆಜ್ಞೆ ಮಾಡಿದವರು ಅವರೇ ಎಂದು ಸ್ವಾಮಿ ಕಣ್ಣಾರೆ ಕಂಡು ದಂಗಾಗುತ್ತಾನೆ. ಗೆಳೆಯನ ಮನೆಯ ಅಪ್ಪ ಮತ್ತು ಬೀದಿಯ ಅಧಿಕಾರಿ ಒಬ್ಬನೇ ಮನುಷ್ಯ ಎಂಬುದು ಅವನ ತಲೆಗೆ ಹತ್ತುವುದಿಲ್ಲ. ಮುಂದೆ ವರ್ಗವಾಗಿ ಆ ಕುಟುಂಬ ಊರು ಬಿಡುವಾಗ, ಸ್ವಾಮಿ ಕೊಡಬೇಕೆಂದಿದ್ದ ಪುಸ್ತಕವೊಂದನ್ನು ತಲುಪಿಸಲು ಗೆಳೆಯ ಮಣಿ ಹೊರಟ ರೈಲಿನ ಜೊತೆ ಪ್ಲಾಟ್‌ಫಾರ್ಮಿನಲ್ಲಿ ಓಡುತ್ತಾನೆ.

ರಿಪ್ಪನ್‌ಪೇಟೆಗೆ ಆ ಹೆಸರು ಬಂದದ್ದು ವೈಸ್‌ರಾಯ್ ಲಾರ್ಡ್ ರಿಪ್ಪನ್‌ನಿಂದ ಎನ್ನುತ್ತಾರ. 1883ರಲ್ಲಿ ಆತನ ಆಡಳಿತ ತಂದ ಇಲ್ಬರ್ಟ್ ಮಸೂದೆ, ಯುರೋಪಿಯನ್ ಆರೋಪಿಗಳನ್ನು ಭಾರತೀಯ ನ್ಯಾಯಾಧೀಶರೂ ವಿಚಾರಿಸಬಹುದು ಎಂದಾಗ ಬಿಳಿಯರು ಎಬ್ಬಿಸಿದ ಗಲಾಟೆ ಚರಿತ್ರೆಯಲ್ಲಿ ದಾಖಲಾಗಿದೆ. ಮರುವರ್ಷ ಅರ್ಧಕ್ಕರ್ಧ ಬಿಳಿಯರಿರುವ ಜ್ಯೂರಿಯನ್ನು ಕೇಳುವ ಹಕ್ಕು ಕೊಟ್ಟು ಅವರನ್ನು ಸಮಾಧಾನಪಡಿಸಬೇಕಾಯಿತು. ಯಾರ ಮುಂದೆ ನಿಲ್ಲಬೇಕೆಂದು ಆರಿಸಿಕೊಳ್ಳುವ ಆರೋಪಿಗಳು ಆಗಲೂ ಇದ್ದರು. ಸಿದ್ದ ನಿಂತದ್ದು ಮೆಟ್ಟಿಲ ಕೆಳಗೆ, ತಲೆ ತಗ್ಗಿಸಿ, ಐದು ವರ್ಷದ ಒಬ್ಬಳನ್ನು ಬಿಟ್ಟು ಉಳಿದೆಲ್ಲರೂ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದವರ ಮುಂದೆ.

ಶಿವಶಂಕರ್ ನಾಳೆ ತಿಳಿಸುತ್ತೇನೆ ಎನ್ನುವುದು ಸಂಜೆಯ ಹೊತ್ತಿನಲ್ಲಿ. ಅಂದರೆ ಆ ರಾತ್ರಿಯೂ ಸಿದ್ದ ಒಳಗೇ. ಮರುದಿನ ಅವರು ಠಾಣೆಗೆ ಹೋದರೋ ಇಲ್ಲವೋ, ಹೋದರೆ ಇನ್ಸ್‌ಪೆಕ್ಟರ್ ಏನೆಂದರೋ, ಕಡತದಲ್ಲಿ ಹೊಸದಾಗಿ ಬರೆದಿದ್ದ ಸಾಲನ್ನು ಯಾರಾದರೂ ಹೊಡೆದುಹಾಕಿದರೋ ಕಥೆಯಲ್ಲಿಲ್ಲ. ಸಿದ್ದನಿಗೆ ಬರಬೇಕಾಗಿದ್ದ ಆ ತಿಂಗಳ ನಾಲ್ಕು ರೂಪಾಯಿಯ ಮಾತನ್ನೂ ಮನೆಯಲ್ಲಿ ಯಾರೂ ಎತ್ತುವುದಿಲ್ಲ.